ಚೀಲ ಒತ್ತಿದ ರಾತ್ರಿ

‘ವೆಂಟಿಲೇಟರ್‌ಗೆ ಹಾಕಿದಾರಂತೆ’ ಎಂಬ ಸುದ್ದಿ ಊರು ಮುಟ್ಟುವ ಹೊತ್ತಿಗೆ ಯಾರೋ ಒಬ್ಬರು ದೂರದ ನೆಂಟರಿಗೆ ಫೋನ್ ಹಚ್ಚಿರುತ್ತಾರೆ. ಆ ಮಾತಿಗೆ ನಮ್ಮಲ್ಲಿ ಅರ್ಥ ಒಂದೇ: ಇನ್ನು ಕಷ್ಟ. ಕೋವಿಡ್ ಬಂದು ಹೋದ ಮೇಲಂತೂ ಈ ಭಯ ಗಟ್ಟಿಯಾಗಿ ಕೂತುಬಿಟ್ಟಿದೆ. ನಮ್ಮ ಭಾವನ ಮಂಚದ ಪಕ್ಕ ಒಂದು ರಾತ್ರಿ ಕೂರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಸೆಖೆ ಎಂದು ಭಾವ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದರು. ಗ್ಯಾಸ್ ಇರಬೇಕೆಂದು ಅಕ್ಕ ಓಮಿನ ಕಷಾಯ ಕೊಟ್ಟಳು. ಬೆಳಗಾಗುವಷ್ಟರಲ್ಲಿ ರೆಪ್ಪೆ ಎತ್ತಲಾಗುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ಕಟ್ಟುಹಾವು ಕಚ್ಚಿದ್ದು ಸ್ವತಃ ಭಾವನಿಗೇ ಗೊತ್ತಾಗಿರಲಿಲ್ಲ. ಅದರ ಹಲ್ಲು ಅಷ್ಟು ಸಣ್ಣದು. ಹೆಚ್ಚಿನ ಸಲ ನೋವಿಲ್ಲ, ಬಾವಿಲ್ಲ, ಗುರುತೂ ಕಾಣಿಸುವುದಿಲ್ಲ. ವಿಷ ಮಾತ್ರ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವ ಜಾಗಕ್ಕೇ ಹೋಗಿ ಕೂರುತ್ತದೆ. ಮೊದಲು ರೆಪ್ಪೆ ಸೋಲುತ್ತದೆ, ಆಮೇಲೆ ಗಂಟಲು, ಕೊನೆಗೆ ಉಸಿರೆಳೆಯುವ ಸ್ನಾಯು.

ಜಿಲ್ಲಾ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಹಾಕಿದರು, ಬಾಯಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದರು. ಆದರೆ ವೆಂಟಿಲೇಟರ್ ಒಂದೂ ಖಾಲಿ ಇರಲಿಲ್ಲ. ಸಿಸ್ಟರ್ ಗುಂಡು ಸೋರೆಕಾಯಿಯಂಥ ರಬ್ಬರ್ ಚೀಲವೊಂದನ್ನು ಟ್ಯೂಬಿಗೆ ಸಿಕ್ಕಿಸಿ ನನ್ನ ಕೈಗಿಟ್ಟರು. “ಇದು ಆಂಬು. ನಾಲ್ಕು ಎಣಿಸಿ ಒಂದ್ಸಲ ಒತ್ತಿ, ಪೂರ್ತಿ ಬಿಡಿ. ಎದೆ ಏಳ್ತಾ ಇದೆಯಾ ನೋಡ್ತಿರಿ. ನಿದ್ದೆ ಬಂದ್ರೆ ಇನ್ನೊಬ್ರನ್ನ ಕೂರ್ಸಿ, ನಿಲ್ಲಿಸ್ಬೇಡಿ.”

ನಿಮಿಷಕ್ಕೆ 15 ಸಲ, ಗಂಟೆಗೆ 900. ಅರ್ಧ ಗಂಟೆಯಲ್ಲೇ ಹೆಬ್ಬೆರಳ ಬುಡ ಉರಿಯತೊಡಗಿತು. ನಾನು, ಅಕ್ಕನ ಮೈದುನ, ಪಕ್ಕದ ಮನೆಯ ಹುಡುಗ ಸರದಿ ಹಾಕಿಕೊಂಡೆವು. ನನ್ನ ಸರದಿ ಮುಗಿದು ಹೊರಗೆ ಬೆಂಚಿನ ಮೇಲೆ ಕೂತರೂ ಕೈ ತಾನಾಗಿ ಮುಚ್ಚಿ ತೆರೆಯುತ್ತಿತ್ತು.

ಈ ಚೀಲದ ಹಿಂದಿನ ಕತೆ ತಿಳಿದದ್ದು ಆಮೇಲೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ಒಂದೊಂದು ದಿನ 50 ರೋಗಿಗಳವರೆಗೆ ಬಂದದ್ದುಂಟು. ಅಲ್ಲಿದ್ದದ್ದು ಒಂದೇ ಒಂದು ‘ಕಬ್ಬಿಣದ ಶ್ವಾಸಕೋಶ’, ಮತ್ತೆ ಎದೆಗೆ ಕಟ್ಟುವ ಆರು ಚಿಪ್ಪುಗಳು. ಕಬ್ಬಿಣದ ಶ್ವಾಸಕೋಶ ಎಂದರೆ ರೋಗಿಯನ್ನು ಕತ್ತಿನವರೆಗೆ ಒಳಗೆ ಮಲಗಿಸುವ ದೊಡ್ಡ ಡ್ರಮ್ಮು. ಅದರೊಳಗಿನ ಗಾಳಿ ಹೀರಿದಾಗ ಎದೆ ಹಿಗ್ಗಿ ಉಸಿರು ಒಳಗೆ ಹೋಗುತ್ತದೆ. ಇವುಗಳನ್ನೇ ನೆಚ್ಚಿಕೊಂಡಿದ್ದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಆಪರೇಷನ್ ಕೋಣೆಯ ವಿದ್ಯೆಯನ್ನು ವಾರ್ಡಿಗೆ ತಂದರು: ಗಂಟಲಿಗೆ ತೂತು ಕೊರೆದು ಟ್ಯೂಬ್ ಹಾಕಿ ಚೀಲದಿಂದ ಗಾಳಿ ಒತ್ತುವುದು. ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಮೇಲೆ ಅದನ್ನು ಮಾಡಿ ತೋರಿಸಲು ಹೊರಟರು. ಹುಡುಗಿ ಚಡಪಡಿಸಿದಳು, ಗಾಳಿ ಒಳಗೆ ಹೋಗಲೊಲ್ಲದು. ನೋಡಲು ಬಂದಿದ್ದ ವೈದ್ಯರು ಇದು ಆಗುವ ಕೆಲಸವಲ್ಲ ಅಂತ ಒಬ್ಬೊಬ್ಬರಾಗಿ ಎದ್ದು ಹೋದರು. ಇಬ್ಸೆನ್ ಅವಳಿಗೆ ಮಂಪರು ಬರಿಸಿದರು, ಒದ್ದಾಟ ನಿಂತಿತು, ಚೀಲ ಕೆಲಸ ಮಾಡಿತು, ಮುಖಕ್ಕೆ ಬಣ್ಣ ಬಂತು. ಆಮೇಲೆ ಯಂತ್ರ ಹುಡುಕಿಕೊಂಡು ಕೂರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ತಿಂಗಳುಗಟ್ಟಲೆ ಚೀಲ ಒತ್ತಿದರು. ಒಮ್ಮೆಲೇ 70 ಮಂಚಗಳ ಪಕ್ಕ ಹೀಗೆ ಕೂತದ್ದೂ ಉಂಟು. ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಆ ವಾರ್ಡಿನಿಂದ. ಒತ್ತಿಬಿಟ್ಟರೆ ತಾನೇ ಉಬ್ಬುವ, ಸಿಲಿಂಡರೂ ಕರೆಂಟೂ ಬೇಡದ ಚೀಲವನ್ನು 1956ರಲ್ಲಿ ತಂದವರೂ ಡೆನ್ಮಾರ್ಕಿನವರೇ. ಆಂಬು ಅವರಿಟ್ಟ ಹೆಸರು; ನಮ್ಮ ವಾರ್ಡುಗಳಲ್ಲಿ ಅದೀಗ ಕ್ರಿಯಾಪದ, ‘ಆಂಬು ಮಾಡ್ರೀ’ ಅನ್ನುತ್ತಾರೆ.

ಅದೇ 1952ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 6 ವರ್ಷದ ಪಾಲ್ ಅಲೆಕ್ಸಾಂಡರ್ ಪೋಲಿಯೋದಿಂದ ಕಬ್ಬಿಣದ ಶ್ವಾಸಕೋಶದೊಳಗೆ ಹೋದರು. ಕಪ್ಪೆಯ ಹಾಗೆ ಗಾಳಿ ನುಂಗಿ ಮೂರು ನಿಮಿಷ ಹೊರಗಿದ್ದರೆ ನಾಯಿಮರಿ ಕೊಡಿಸುತ್ತೇನೆ ಎಂದು ವ್ಯಾಯಾಮ ಕಲಿಸುವಾಕೆ ಆಸೆ ತೋರಿಸಿದರು. ಹುಡುಗ ಕಲಿತ, ನಾಯಿಯೂ ಬಂತು. ಮುಂದೆ ಕಾನೂನು ಓದಿ ವಕೀಲರಾದರು, ಬಾಯಲ್ಲಿ ಕಡ್ಡಿ ಕಚ್ಚಿ ಕೀಲಿ ಒತ್ತಿ ಆತ್ಮಕಥೆ ಬರೆದರು. ತೀರಿಕೊಂಡದ್ದು 2024ರ ಮಾರ್ಚ್‌ನಲ್ಲಿ, 78ನೆಯ ವಯಸ್ಸಿಗೆ.

ಭಾವನಿಗೆ ಮರುದಿನ ಮಧ್ಯಾಹ್ನ ವೆಂಟಿಲೇಟರ್ ಸಿಕ್ಕಿತು. ಐದನೆಯ ದಿನ ರೆಪ್ಪೆ ಮಿಸುಕಿತು. ಆಮೇಲೆ ಯಂತ್ರದ ಆಸರೆ ಇಷ್ಟಿಷ್ಟೇ ಕಡಿಮೆ ಮಾಡುತ್ತ, ಅರ್ಧ ಗಂಟೆ ತಾವೇ ಉಸಿರಾಡಲು ಬಿಟ್ಟು ನೋಡುತ್ತ ಟ್ಯೂಬ್ ತೆಗೆದರು. ದನಿ ಬಂದ ಮೇಲೆ ಅವರಾಡಿದ ಮಾತು ಕೇಳಿ ನಾವೆಲ್ಲ ತಲೆ ತಗ್ಗಿಸಿದೆವು: “ನೀವು ಮಾತಾಡಿದ್ದೆಲ್ಲ ಕೇಳಿಸ್ತಿತ್ತು. ಊರಿಗೆ ಒಯ್ಯೋದಾದ್ರೆ ಗಾಡಿ ಹೇಳೋಣ್ವಾ ಅಂತ ದೊಡ್ಡಪ್ಪ ಕೇಳಿದ್ದೂ ಕೇಳಿಸ್ತು. ಬೆರಳಾದ್ರೂ ಅಲ್ಲಾಡಿಸೋಣ ಅಂದ್ರೆ ಆಗ್ಲಿಲ್ಲ.”

ಕಟ್ಟುಹಾವಿನ ವಿಷದಲ್ಲಿ ಹೀಗಾಗುತ್ತದೆ. ಕಣ್ಣಿನ ಪಾಪೆಯೂ ಬೆಳಕಿಗೆ ಅಲುಗದೆ ನಿಂತು, ನೋಡಿದವರಿಗೆ ಮಿದುಳೇ ಸತ್ತಂತೆ ಕಾಣುತ್ತದೆ. ಒಳಗೆ ಮನುಷ್ಯ ಎಚ್ಚರವಾಗಿರುತ್ತಾನೆ. ಕೀಟನಾಶಕ ಕುಡಿದವರು, ಜಿ.ಬಿ. ಸಿಂಡ್ರೋಮ್‌ನಿಂದ ಕೈಕಾಲು ಸೋತವರು ಸಹ ವಾರಗಟ್ಟಲೆ ಯಂತ್ರದ ಮೇಲಿದ್ದು ಎದ್ದು ಮನೆಗೆ ನಡೆದದ್ದುಂಟು. ಯಂತ್ರ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ಮದ್ದಿಗೆ, ಮೈಗೆ ಹೊತ್ತು ಕೊಡುತ್ತದೆ, ಅಷ್ಟೇ.

ಎಲ್ಲರೂ ಅದರಿಂದ ಇಳಿಯುವುದಿಲ್ಲ ಎಂಬುದೂ ನಿಜ. ಮೋಟಾರ್ ನ್ಯೂರಾನ್ ಕಾಯಿಲೆ, ಮಸ್ಕ್ಯುಲರ್ ಡಿಸ್ಟ್ರೊಫಿ ಇದ್ದವರು ಗಂಟಲ ಟ್ಯೂಬಿನೊಂದಿಗೆ ಮನೆಯಲ್ಲೇ ವರ್ಷಗಟ್ಟಲೆ ಇರುತ್ತಾರೆ. ಕಫ ಹೀರಿ ತೆಗೆಯಲು ರಾತ್ರಿ ಎಷ್ಟು ಸಲ ಏಳಬೇಕೋ ಮನೆಯವರನ್ನೇ ಕೇಳಿ. ಕರೆಂಟ್ ಹೋದರೆ ಬ್ಯಾಟರಿ. ಬ್ಯಾಟರಿಯೂ ಕೈಕೊಟ್ಟರೆ ಮಂಚದ ತಲೆಗೆ ನೇತುಹಾಕಿದ ಅದೇ ಚೀಲ.

ಯಾವ ಚಿಕಿತ್ಸೆಯೂ ಫಲಿಸದು ಎಂದಾದಾಗ ಯಂತ್ರವನ್ನು ಗೌರವದಿಂದ ತೆಗೆಯುವ ದಾರಿಯನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೆರೆದಿದೆ, 2023ರಲ್ಲಿ ಸರಳ ಮಾಡಿದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಎಚ್ಚರವಿದ್ದಾಗಲೇ ತಮ್ಮ ಇಚ್ಛೆ ಬರೆದಿಡಲೂ ಅವಕಾಶವಿದೆ. ಕಾರಿಡಾರಿನಲ್ಲಿ ನಿಂತು, ಬಿಲ್ಲಿನ ಲೆಕ್ಕ ಹಾಕುತ್ತ ನೆಂಟರು ತೀರ್ಮಾನಿಸುವ ವಿಷಯವಂತೂ ಅಲ್ಲ.

ನಿಮ್ಮವರನ್ನು ವೆಂಟಿಲೇಟರ್‌ಗೆ ಹಾಕಿದರೆ ‘ಉಳೀತಾರಾ’ ಎಂದು ಕೇಳುವ ಮೊದಲು, ಉಸಿರು ನಿಂತದ್ದು ಯಾವ ಕಾರಣಕ್ಕೆ, ಆ ಕಾರಣ ಹೋಗುವಂಥದ್ದೇ ಎಂದು ಡಾಕ್ಟರನ್ನು ಕೇಳಿ. ಒಳಗೆ ಬಿಟ್ಟರೆ ಕೈ ತೊಳೆದುಕೊಂಡು ಹೋಗಿ, ಹೆಸರು ಹಿಡಿದು ಕರೆಯಿರಿ. ಇವತ್ತು ಯಾವ ವಾರ, ಊರಲ್ಲಿ ಮಳೆ ಬಂತೋ ಇಲ್ಲವೋ, ಎಮ್ಮೆ ಕರು ಹಾಕಿತೋ, ಹೇಳಿ. ಗಾಡಿಯ ಮಾತು ಅಲ್ಲಿ ಬೇಡ.