ದುಗುಡಕ್ಕೊಂದು ಜಾಗ

ಖಿನ್ನತೆ ಎಂಬ ಪದ ಇಂದು ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಕಾಯಿಲೆಯ ಹೆಸರು. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಬೇಕಾದ ಸ್ಥಿತಿ. ಮಳೆ ಕೈಕೊಟ್ಟ ವರ್ಷ ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ರೈತನ ಮುಖಕ್ಕೆ ಕವಿಯುವ ಮಬ್ಬಿಗೂ ಅದೇ ಪದ ಬಳಸಿದರೆ ರೋಗಿಗೂ ರೈತನಿಗೂ ಅನ್ಯಾಯ. ಬೇಸರ ಎಂದರೆ ಸಾಲದು, ಶೋಕ ಎಂದರೆ ಹೆಚ್ಚಾಯಿತು. ಅಲ್ಲಿ ಕುಮಾರವ್ಯಾಸನ ಕಾವ್ಯದಲ್ಲಿ ಮತ್ತೆ ಮತ್ತೆ ಸಿಗುವ ದುಗುಡವೇ ಬೇಕು; ಮಾತಾಗದೆ ಒಳಗೇ ಕೂತ ಭಾರ ಅದು. ಅಪರೂಪದ ಪದ ಓದುಗನನ್ನು ತಡೆಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಂಗ್ಲಿಷಿನ ಲುಗೂಬ್ರಿಯಸ್ ನೋಡಿ: ಶೋಕಿಸು ಎಂಬರ್ಥದ ಲ್ಯಾಟಿನ್ ಮೂಲದಿಂದ ಹುಟ್ಟಿದ ಪದ ಈಗ ಹೆಚ್ಚಾಗಿ ಅತಿರೇಕದ ಅಳುಮೋರೆಯನ್ನು ಸೂಚಿಸುತ್ತದೆ. ಬರೀ ಅಲಂಕಾರಕ್ಕೆ ತಂದರೆ ದುಗುಡಕ್ಕೂ ಅದೇ ಗತಿ. ಒಣಗಿದ ಹೊಲ, ತೀರದ ಸಾಲ ಮೊದಲೇ ಬರವಣಿಗೆಯಲ್ಲಿ ಬಂದಿದ್ದರೆ ಮಾತ್ರ ಆ ಪದ ಯಾರನ್ನೂ ತಡೆಯದು. ನಿಘಂಟು ಹುಡುಕುವ ಮೊದಲೇ ವಾಕ್ಯ ಅದರ ಅರ್ಥ ಬಿಡಿಸಿರುತ್ತದೆ.