ಮಳೆಗಾಲದ ಮನೆಗೆ ಬೂಷ್ಟಿನ ಕಾಟ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯ ಮಳೆ ಶಿವಮೊಗ್ಗ ನಗರಕ್ಕಾಗಲಿ ಭದ್ರಾವತಿಗಾಗಲಿ ಇಲ್ಲ. ಆದರೂ ಆಷಾಢ ಬಂತೆಂದರೆ ತುಂಗೆ, ಭದ್ರೆಯರ ದಡದ ಈ ಎರಡು ಊರುಗಳಲ್ಲಿಯೂ ಬೀರುವಿನ ಹಿಂದಿನ ಗೋಡೆ ಕಪ್ಪಾಗುತ್ತದೆ. ಪುಸ್ತಕ, ಚಪ್ಪಲಿಗಳ ಮೇಲೆ ಬಿಳಿಯ ನವಿರು ಮೂಡುತ್ತದೆ.

ಬೂಷ್ಟು ಜೀವವುಳ್ಳ ಶಿಲೀಂಧ್ರ. ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಸದಾ ತೇಲುತ್ತಿದ್ದು, ತೇವ ದೊರೆತಲ್ಲಿ ಬೆಳೆಯತೊಡಗುತ್ತವೆ. ಉಬ್ಬಸವುಳ್ಳ ಮಕ್ಕಳಿಗೂ ವೃದ್ಧರಿಗೂ ಇದು ಕಂಟಕ. ಮೇಲೆ ಬಣ್ಣ ಬಳಿದರೆ ಕಲೆ ಮರೆಯಾದೀತೇ ಹೊರತು ತೇವ ಹೋಗದು.

ಆದುದರಿಂದ ಮೊದಲು ನೀರಿನ ದಾರಿಯನ್ನು ಹುಡುಕಬೇಕು: ಒಡೆದ ಹೆಂಚು, ತಾರಸಿಯ ಬಿರುಕು, ಸೋರುವ ಕೊಳಾಯಿ. ಬೀರುವನ್ನು ಗೋಡೆಯಿಂದ ಗೇಣುದ್ದ ಸರಿಸಿ, ಹೊಳವಾದಾಗ ಎದುರುಬದುರು ಕಿಟಕಿಗಳನ್ನು ತೆರೆಯಬೇಕು. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರವಬಾರದು. ಒಣ ಪೊರಕೆಯಿಂದ ಗುಡಿಸಿದರೆ ಬೂಷ್ಟಿನ ಕಣಗಳು ಮನೆಯೆಲ್ಲ ಹರಡುತ್ತವೆ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಬೂನು ನೀರಿನಿಂದ ಒರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿಯುವುದು ಲೇಸು. ಸುಣ್ಣದ ಕ್ಷಾರ ಶಿಲೀಂಧ್ರಕ್ಕೆ ಒಗ್ಗದು.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದಳು. ಹಾಗೆ ನೀರು ಹೊಕ್ಕ ಮನೆಯಲ್ಲಿ ಎರಡು ದಿನಗಳೊಳಗೆ ಒಣಗದ ಹಾಸಿಗೆ, ದಿಂಬುಗಳನ್ನು ಎಷ್ಟೇ ಬೆಲೆಬಾಳಲಿ, ಹೊರಹಾಕುವುದೇ ಕ್ಷೇಮ. ಹಾಸಿಗೆಯನ್ನು ಮತ್ತೆ ಕೊಳ್ಳಬಹುದು. ಮಗುವಿನ ಉಸಿರನ್ನು ಕೊಳ್ಳಲಾಗದು.