ಕೂಸು ಮೈ ತುಂಬಿಕೊಂಡಿತು, ಕಬ್ಬಿಣದ ಹನಿ ಇನ್ನೇಕೆ?

ತಿಂಗಳು ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ದಿನ ಕಳೆದು ಮನೆಗೆ ಬಂದ ಕೂಸಿನ ವಿಷಯದಲ್ಲಿ ಎಲ್ಲರ ಕಣ್ಣೂ ತೂಕದ ಮೇಲೆಯೇ. ಒಂದೂವರೆ ಕಿಲೋ ಇದ್ದದ್ದು ಮೂರಾಯಿತು, ಕೆನ್ನೆ ತುಂಬಿತು ಎನ್ನುವಷ್ಟರಲ್ಲಿ ಮನೆಯ ಹಿರಿಯರಿಂದ ಒಂದು ಮಾತು ಬರುತ್ತದೆ: "ಚೆನ್ನಾಗಿ ಬೆಳೀತಾ ಐತೆ, ಇನ್ನು ಆ ಟಾನಿಕ್ ಯಾಕೆ?" ಅಕ್ಕರೆಯ ಮಾತೇ ಇದು. ಆದರೆ ಹನಿ ನಿಲ್ಲಿಸಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ತಾಯಿಯಿಂದ ಕೂಸಿಗೆ ಕಬ್ಬಿಣ ಹರಿಯುವುದು ಬಹುಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಹುಟ್ಟುವಾಗ ಮೈಯಲ್ಲಿರುವ ಕಬ್ಬಿಣ ಕಿಲೋಗೆ ಸುಮಾರು 75 ಮಿಲಿಗ್ರಾಂ. ಮೂರು ಕಿಲೋ ಕೂಸಿಗೆ 225 ಸಿಕ್ಕರೆ, ಒಂದೂವರೆ ಕಿಲೋದ್ದಕ್ಕೆ ಅದರ ಅರ್ಧ. ತೂಕ ಏರಿದಂತೆ ರಕ್ತವೂ ಏರಬೇಕು, ಕಿಲೋಗೆ ಸುಮಾರು 80 ಮಿಲಿಲೀಟರ್. ಒಂದೂವರೆ ಕಿಲೋ ಕೂಸು ನಾಲ್ಕೂವರೆ ಆಗುವಾಗ ರಕ್ತ ಮೂರು ಪಟ್ಟು. ಬೇಗ ಬೆಳೆದಷ್ಟೂ ದಾಸ್ತಾನು ಬೇಗ ಮುಗಿಯುತ್ತದೆ. ತಿಂಗಳು ತುಂಬಿ ಹುಟ್ಟಿದವಕ್ಕೆ ನಾಲ್ಕರಿಂದ ಆರು ತಿಂಗಳು ಬರುವ ಗಂಟು, ಇವಕ್ಕೆ ಎರಡು ಮೂರು ತಿಂಗಳಿಗೇ ಬರಿದು. ಇರುವ ಕಬ್ಬಿಣವೂ ಮೊದಲು ಹೋಗುವುದು ರಕ್ತಕಣಗಳಿಗೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಿದ್ದರೂ ಮಿದುಳಿಗೆ ಕೊರತೆ ಆಗಿರಬಹುದು.

"ಸ್ವಲ್ಪವೇ ಕಡಿಮೆ ತೂಕ, ಏನಾಗಲ್ಲ" ಎಂಬ ಧೈರ್ಯವೂ ನಿಲ್ಲುವುದಿಲ್ಲ. ಸ್ವೀಡನ್ನಿನಲ್ಲಿ ಎರಡರಿಂದ ಎರಡೂವರೆ ಕಿಲೋ ತೂಗಿದ 285 ಶಿಶುಗಳನ್ನು ಗುಂಪು ಮಾಡಿ, ಕೆಲವಕ್ಕೆ ಆರು ವಾರದಿಂದ ಆರು ತಿಂಗಳವರೆಗೆ ಕಬ್ಬಿಣ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಮೂರೂವರೆ ವರ್ಷಕ್ಕೆ ನೋಡಿದಾಗ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಡವಳಿಕೆಯ ತೊಂದರೆ ಮಾತ್ರ ಕಬ್ಬಿಣ ಸಿಗದವರಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಬಾಣಂತಿ ಸೊಪ್ಪು, ಖರ್ಜೂರ, ಕಡಲೆಬೀಜದ ಉಂಡೆ ತಿಂದರೆ ಕಬ್ಬಿಣ ಹಾಲಿಗಿಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅವನ್ನು ಆಕೆ ತಿನ್ನಲೇಬೇಕು, ತನ್ನ ರಕ್ತಕ್ಕಾಗಿ. ಎದೆಹಾಲಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ, ತಾಯಿಯ ಊಟದಿಂದ ಅದು ಹೆಚ್ಚುವುದೂ ಇಲ್ಲ. ಇದು ಎದೆಹಾಲಿನ ದೋಷವಲ್ಲ. ಅದಕ್ಕೆ ಸಮನಾದ ಆಹಾರ ಬೇರೊಂದಿಲ್ಲ. ಅದರ ಜೊತೆಗೆ ಹನಿ ಬೇಕು, ಅಷ್ಟೆ. ಹಾಲು ಸಾಲದೆಂದು ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವುದಂತೂ ಹಾನಿ. ಅದರಲ್ಲಿ ಕಬ್ಬಿಣ ಕಡಿಮೆ. ಸಾಲದ್ದಕ್ಕೆ ಎಳೆಗರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸಬಲ್ಲದು.

ರಾಗಿ ಸರಿಯ ಬಗ್ಗೆ ಪಾವಗಡ ಸೀಮೆಗೆ ಇರುವ ಅಭಿಮಾನ ನನಗೂ ಇದೆ. ಕ್ಯಾಲ್ಸಿಯಂಗೆ ಅದು ಉತ್ತಮ. ಕಬ್ಬಿಣವೂ ಇದೆ, ಆದರೆ ರಾಗಿಯಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿಸಿ, ಒಣಗಿಸಿ ಮಾಡಿದ ಹಿಟ್ಟಿನಲ್ಲಿ ಈ ತಡೆ ಕಡಿಮೆ. ನಮ್ಮ ಅಜ್ಜಿಯರ ಕ್ರಮ ಸರಿಯಾಗಿಯೇ ಇತ್ತು. ಆದರೂ ಅದು ಹನಿಗೆ ಬದಲಿಯಲ್ಲ. ಬೇಗ ಹುಟ್ಟಿದ ಕೂಸಿಗೆ ಸರಿ ಯಾವಾಗ ತಿನ್ನಿಸಬೇಕೆಂದು ವೈದ್ಯರೇ ಹೇಳಲಿ.

ಮಲ ಕಪ್ಪಾದರೆ "ಉಷ್ಣ ಆಯ್ತು" ಎಂದು ಔಷಧಿ ಬಿಡುವವರಿದ್ದಾರೆ. ಹೀರಿಕೆಯಾಗದೆ ಉಳಿದ ಕಬ್ಬಿಣ ಹೊರಬರುವ ಬಣ್ಣ ಅದು.

ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬುದು ಮಾತ್ರ ಅಪಾಯದ ಮಾತು. ಬಸುರಿಯರ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ, ಅದನ್ನು ತೇಯ್ದು ಕೊಡಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆರಡು ಸಲ ಕೊಡುವ ಸರ್ಕಾರಿ ಸಿರಪ್ಪಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ. ಬೇಗ ಹುಟ್ಟಿದವಕ್ಕೆ ಸಾಮಾನ್ಯವಾಗಿ ಬೇಕಿರುವುದು ದಿನಕ್ಕೆ ಕಿಲೋಗೆ 2ರಿಂದ 4 ಮಿಲಿಗ್ರಾಂ ಮಾತ್ರ. ಆಸ್ಪತ್ರೆಯಲ್ಲಿ ರಕ್ತ ಏರಿಸಿಕೊಂಡ ಕೂಸಿನ ಲೆಕ್ಕ ಇನ್ನೂ ಬೇರೆ.

ಪಾವಗಡ ಸೀಮೆಯ ವೈ.ಎನ್.ಹೊಸಕೋಟೆಯಂಥ ಗಡಿ ಊರಿನಲ್ಲಿ ಇನ್ನೊಂದು ತೊಡಕು. ತುಮಕೂರಿನ ಜಿಲ್ಲಾಸ್ಪತ್ರೆ ನೂರು ಕಿಲೋಮೀಟರಿಗೂ ದೂರ. ಬಾಣಂತನಕ್ಕೆ ತವರು ಆಂಧ್ರದ ಕಡೆ ಇದ್ದರೆ ಕೂಸು ಈಚೆಯ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳದೆ ಹೋಗಬಹುದು. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗೆ ಎಲ್ಲಿಗೆ ಹೋದರೂ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಹನಿಯ ಬಾಟಲಿ ಮೂರೂ ಜೊತೆಗಿರಲಿ. ಅಂದಿನ ತೂಕ ಹಿಡಿಸಿ, ಎಷ್ಟು ಹನಿ ಎಂದು ಹೊಸದಾಗಿ ಬರೆಸಿಕೊಳ್ಳಿ.